ಬುತ್ತಿ ಡಬ್ಬಿಯ ಮೇಲೆ ಹಾಜರಿ

ಚಿಕ್ಕಬಾಣಾವರ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಗೆ ಹಾಲಿನ ಗಾಡಿ ಇನ್ನೂ ಬಂದಿಲ್ಲ. ಆದರೆ ಹನುಮಂತರಾಯಪ್ಪನವರ ಬಾಡಿಗೆ ಕಟ್ಟಡದ ಕೆಳಗೆ, ಸ್ಕೂಟರು ನಿಲ್ಲಿಸುವ ಜಾಗದಲ್ಲಿ, ಆಗಲೇ ಟಕ್ ಟಕ್ ಶುರುವಾಗಿದೆ. ಚಾಪೆಯ ಮೇಲೆ ಒಂದು ಕಡೆ ಹೆಂಗಸರು, ಇನ್ನೊಂದು ಕಡೆ ಗಂಡಸರು, ಎಲ್ಲರೂ ಕೆಲಸಕ್ಕೆ ಹೊರಟವರೇ. ಪ್ರತಿಯೊಬ್ಬರ ಮುಂದೆಯೂ ಮಧ್ಯಾಹ್ನದ ರೊಟ್ಟಿ ತುಂಬಿದ ಸ್ಟೀಲ್ ಡಬ್ಬಿ. ಪೀಣ್ಯದ ವರ್ಕ್‌ಶಾಪೊಂದರಲ್ಲಿ ಕಸ ಗುಡಿಸುವ ರುಕ್ಮವ್ವ ಎಡಗೈಯಲ್ಲಿ ಪಕ್ಕದ ದುರ್ಗವ್ವನ ನಾಡಿ ಹಿಡಿದಿದ್ದಾಳೆ, ಬಲಗೈಯಲ್ಲಿ ಅದೇ ತಾಳಕ್ಕೆ ಡಬ್ಬಿಯ ಮುಚ್ಚಳ ಬಡಿಯುತ್ತಿದ್ದಾಳೆ.

ಎದುರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತವರು ಎಪ್ಪತ್ತೆಂಟರ ಪಿಳ್ಳಮ್ಮ ಟೀಚರ್. ಸೀರೆಯ ಸೆರಗಿಗೆ ನರ್ಸುಗಳು ತೊಡುವಂಥ ಗಡಿಯಾರವೊಂದು ತಲೆಕೆಳಗಾಗಿ ನೇತಾಡುತ್ತಿದೆ. "ದುರ್ಗವ್ವ ಸರಿಯಾಗಿದ್ದಾಳೆ. ಮುಂದಕ್ಕೆ!" ಎನ್ನುತ್ತಾರೆ. "ಹಾಜರ್ ರೀ!" ಎಂದು ದುರ್ಗವ್ವ ಕೂಗುತ್ತಾಳೆ. ಮುಂದಿನವಳು ಶೈಲಾ. ದುರ್ಗವ್ವ ಬಡಿಯುವ ಅವಳ ನಾಡಿಯ ತಾಳ ಓಡುತ್ತಿದೆ. ಪಿಳ್ಳಮ್ಮ ಒಂದೇ ಕಣ್ಣು ತೆರೆಯುತ್ತಾರೆ. "ಲೇಟಾಯ್ತೂಂತ ಓಡಿ ಬಂದ್ಯಾ? ಸುಧಾರಿಸ್ಕೊ, ಆಮೇಲೆ ಹೇಳು." ಚಾಪೆ ಪೂರ್ತಿ ನಗು.

ಹಾಜರಿ ಪುಸ್ತಕ ಇಟ್ಟುಕೊಂಡರೆ ಆಗದೇ ಅಂತ ಯಾರಿಗಾದರೂ ಅನಿಸೀತು. ಪಿಳ್ಳಮ್ಮನವರಿಗೆ ಆಗದು. ಅದರ ಹಿಂದೆ ಒಂದು ಯುದ್ಧವೇ ಇದೆ.

ಇದೇ ಊರಿನ ಒಕ್ಕಲು ಮನೆಯ ಹುಡುಗಿ ಅವರು. ನರ್ಸಿಂಗ್ ಕಲಿತು ಸೈನ್ಯಕ್ಕೆ ಸೇರಿ ಲೆಫ್ಟಿನೆಂಟ್ ಪಿಳ್ಳಮ್ಮ ಆದಾಗ ಊರು ಮೂಗಿನ ಮೇಲೆ ಬೆರಳಿಟ್ಟಿತ್ತು. ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವದ ಗಡಿಯ ಹತ್ತಿರದ ಮಿಲಿಟರಿ ಆಸ್ಪತ್ರೆಗೆ ಗಾಯಾಳುಗಳು ಬರುತ್ತಲೇ ಇದ್ದರು. ಪತ್ರಿಕೆಗಾಗಿ ಕೇಳಿದರೆ ಪಿಳ್ಳಮ್ಮ ಆ ರಾತ್ರಿಗಳನ್ನು ನೆನೆಯುತ್ತಾರೆ. "ಬ್ಲಾಕ್‌ಔಟು. ವಾರ್ಡಲ್ಲಿ ದೀಪ ಹಚ್ಚಂಗಿಲ್ಲ. ಮುಖ ಕಾಣ್ತಿರ್ಲಿಲ್ಲ, ಕೈ ಮಾತ್ರ ಸಿಗ್ತಿತ್ತು. ಒಂದೊಂದೇ ಮಂಚದ ಹತ್ರ ಹೋಗಿ ನಾಡಿ ಹಿಡಿಯೋದು. ಒಬ್ಬ ತರ್ಲೆ ಸಿಪಾಯಿ, ಕೈ ಮುಟ್ಟಿದ ಕೂಡ್ಲೆ 'ಹಾಜಿರ್, ಸಿಸ್ಟರ್!' ಅಂದ. ಅವತ್ತಿಂದ ಇಡೀ ವಾರ್ಡು ಹಂಗೇ ಹೇಳಕ್ಕೆ ಶುರು ಮಾಡ್ತು. ಅದನ್ನ ಕೇಳಿದ್ರೆ ಸಾಕು, ಜೀವ ತಣ್ಣಗಾಗೋದು."

ಅಂಥ ಕೆಲಸವನ್ನು ಬಿಟ್ಟದ್ದೇಕೆ? ಪಿಳ್ಳಮ್ಮ ನಾಚಿಕೊಳ್ಳುತ್ತಾರೆ. ಆಗಿನ ನಿಯಮದಂತೆ ಮದುವೆಯಾದರೆ ಮಿಲಿಟರಿ ನರ್ಸಿನ ಕೆಲಸ ಹೋಗುತ್ತಿತ್ತು. ಇಲ್ಲಿನ ಸ್ಟೇಷನ್ನಿನಲ್ಲಿ ಬಾವುಟ ತೋರಿಸುತ್ತಿದ್ದ ಚಿನ್ನಪ್ಪನವರು ಅವರ ಮನಸ್ಸಿಗೆ ಬಂದಿದ್ದರು. "ನೋಡಕ್ಕೆ ಚೆನ್ನಾಗಿದ್ರು ಕಣಪ್ಪ, ಏನ್ ಮಾಡ್ಲಿ? ಬಿಟ್ಟೆ." ಆಮೇಲೆ ಟೀಚರ್ ತರಬೇತಿ, ಆಗಿನ ಪುಟ್ಟ ಊರಿನ ಸರ್ಕಾರಿ ಶಾಲೆ, ನಿವೃತ್ತಿಯವರೆಗೂ ಒಂದನೇ ಕ್ಲಾಸು. ಚಿನ್ನಪ್ಪನವರು ತೀರಿಕೊಂಡು ಬಹಳ ವರ್ಷವಾಯಿತು. ರೈಲು ಕೂಗಿದರೆ ಪಿಳ್ಳಮ್ಮ ಇವತ್ತಿಗೂ ಒಮ್ಮೆ ಆ ಕಡೆ ತಿರುಗುತ್ತಾರೆ.

ಶಾಲೆಯಲ್ಲೂ ಹಾಜರಿ ಎಂದರೆ ನಾಡಿಯೇ. ಕಟ್ಟಡದ ಮಾಲೀಕ ಹನುಮಂತರಾಯಪ್ಪ ಅವರ ಮೊದಲ ತಂಡದ ಶಿಷ್ಯ. ಈಗ ಅವರೇ ತಾತ, ಆದರೂ ಟೀಚರ್ ಎದುರಾದರೆ ಕೈ ತಾನಾಗಿ ಮುಂದೆ ಚಾಚುತ್ತದೆ. "ಒಂದಿನ ಕೈ ಇಡ್ಕಂಡು 'ಏನೂ ತಿಂದಿಲ್ಲ ಅಲ್ವೇನೋ' ಅಂದ್ಬುಟ್ರು. ನಾಡೀಲಿ ಅದೆಂಗೆ ಗೊತ್ತಾಯ್ತೋ, ಇವತ್ಗೂ ಅರ್ಥ ಆಗಿಲ್ಲ!" ಎಂದು ಅವರು ಕಣ್ಣರಳಿಸುತ್ತಾರೆ. ಅವರು ಅತ್ತ ಹೋದ ಮೇಲೆ ಪಿಳ್ಳಮ್ಮ ಸೆರಗು ಬಾಯಿಗಿಟ್ಟು ನಗುತ್ತಾರೆ. "ಹಸಿವು ನಾಡೀಲಿ ಗೊತ್ತಾಗುತ್ತೇನ್ರೀ? ಕೈ ಹಿಡಿದ್ರೆ ಮುಖ ಹತ್ರ ಬರುತ್ತಲ್ಲ, ಅದನ್ನ ನೋಡಿ ಹೇಳ್ತಿದ್ದೆ. ಅವನಿಗೆ ಹೇಳ್ಬೇಡಿ, ಪಾಪ."

ಬೇಡವೆನ್ನಲಾಗದೆ ಆ ಶಿಷ್ಯ ಬಿಟ್ಟುಕೊಟ್ಟ ಜಾಗವೇ ಈ ಶಾಲೆ. ಉತ್ತರ ಕರ್ನಾಟಕದಿಂದ ಬಂದು ಸುತ್ತಲಿನ ಬಾಡಿಗೆ ಕೋಣೆಗಳಲ್ಲಿ ಇರುವವರು, ಓದು ಬರಹ ತಪ್ಪಿಹೋದವರು, ಶಿಫ್ಟಿಗೆ ಮುಂಚೆ ಬಂದು ಕಲಿಯುತ್ತಾರೆ. ಮೊದಲ ಪಾಠ ಅಂಕಿ, ಅದನ್ನು ಕಲಿಯುವುದು ಪಕ್ಕದವರ ನಾಡಿ ಎಣಿಸುತ್ತಾ. "ನಮ್ಮೂರಾಗ ಬಳಿಗಾರನ್ನ ಬಿಟ್ರ ಯಾರೂ ನನ್ನ ಕೈ ಹಿಡದಿದ್ದಿಲ್ರೀ," ಎನ್ನುತ್ತಾಳೆ ರುಕ್ಮವ್ವ. "ಗಂಡ ಹಿಡದಿದ್ದ, ಅದೂ ಲಗ್ನದ ದಿನ ಒಂದ ಸಲ."

ಕಳೆದ ಮಳೆಗಾಲದಲ್ಲಿ ಇದೆಲ್ಲ ನಿಂತೇಹೋಗುವುದರಲ್ಲಿತ್ತು. ಆಗೆಲ್ಲ ಹಾಜರಿಗೆ ಟೀಚರೇ ಒಬ್ಬೊಬ್ಬರ ನಾಡಿ ಹಿಡಿಯುತ್ತಿದ್ದರು. ಒಂದು ಬೆಳಿಗ್ಗೆ ರುಕ್ಮವ್ವನ ಮಣಿಕಟ್ಟು ಹಿಡಿದ ಪಿಳ್ಳಮ್ಮನವರಿಗೆ ಏನೂ ಸಿಗಲಿಲ್ಲ. ಗಾಬರಿಯಾಗಿ ತಲೆಯೆತ್ತಿದರು. ನೋಡಿದರೆ ರುಕ್ಮವ್ವ ಪಕ್ಕದವಳ ಜೊತೆ ಕಿಸಿಕಿಸಿ ನಗುತ್ತಿದ್ದಾಳೆ! ಜೀವ ಹೋಗಿದ್ದು ಅವಳದ್ದಲ್ಲ, ತಮ್ಮ ಬೆರಳಿನದ್ದು. ಸಕ್ಕರೆ ಕಾಯಿಲೆ ಬೆರಳ ತುದಿಗಳನ್ನು ಮರಗಟ್ಟಿಸಿತ್ತು. ಯಾರಿಗೂ ಹೇಳದೆ ಸುಮ್ಮನೆ ಕೈ ಹಿಡಿದು, ತಲೆಯಾಡಿಸಿ, ಕೆಲವು ದಿನ ದಬ್ಬಿದರು. ಆಗಲೇ ಗಾರೆ ಕೆಲಸದ ಯಂಕಪ್ಪ ಸುಡುವ ಜ್ವರದಲ್ಲಿ ಬಂದು ಕೂತ. ಆ ಬೆರಳಿಗೆ ಬಿಸಿಯೂ ತಿಳಿಯಲಿಲ್ಲ, ಸರಿಯಾಗಿದ್ದಾನೆಂದು ಕಳಿಸಿಬಿಟ್ಟರು. ಮಧ್ಯಾಹ್ನ ಅವನು ಕೆಲಸದ ಜಾಗದಲ್ಲೇ ಕುಸಿದು ಬಿದ್ದ.

ಯಂಕಪ್ಪ ನಾಲ್ಕು ದಿನದಲ್ಲಿ ಎದ್ದು ಕೂತ. ಎದ್ದು ಕೂರಲಾಗದವರು ಪಿಳ್ಳಮ್ಮ. "ಸುಳ್ಳು ನಾಡಿ ಹೇಳ್ದೆ ಕಣಪ್ಪ. ಯುದ್ಧದಲ್ಲೂ ಹೇಳಿರ್ಲಿಲ್ಲ." ಅವನು ಮರಳಿದ ದಿನವೇ ಎಲ್ಲರೆದುರು ನಿಜ ಹೇಳಿ, ನಾಳೆಯಿಂದ ಕ್ಲಾಸಿಲ್ಲ ಎಂದು ಚಾಪೆ ಸುತ್ತಿಟ್ಟರು. ಎದುರು ಸಾಲಿನ ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತರು.

ಮರುದಿನ ಬೆಳಗಾಗುವ ಮೊದಲೇ ಬೀದಿಯಲ್ಲಿ ಇದೇ ಟಕ್ ಟಕ್. ಯಾರಪ್ಪಾ ಇಷ್ಟು ಬೇಗ ಎಂದು ಗೊಣಗುತ್ತಾ ಬಾಗಿಲು ತೆಗೆದರೆ, ಇಡೀ ಕ್ಲಾಸು ಚಾಪೆ ಹಾಸಿ ಕೂತಿದೆ. ಒಬ್ಬರ ಕೈ ಇನ್ನೊಬ್ಬರು ಹಿಡಿದಿದ್ದಾರೆ. ರುಕ್ಮವ್ವ ಯೋಚನೆ ಮಾಡಿ ಕಟ್ಟಿದ ಏರ್ಪಾಡು ಅದು. "ನಾಡಿ ಎಣಸೋದು ಕಲಿಸಿದವ್ರು ನೀವ. ನಿಮ್ಮ ಬೆರಳಿಗೆ ತಿಳೀಲಿಲ್ಲಂದ್ರ ಏನಾತು, ಕಿವಿ ಚಲೋ ಅದಾವಲ್ರೀ? ನಾವು ಬಡೀತೀವಿ, ನೀವು ಕೇಳ್ರಿ!" ಪಿಳ್ಳಮ್ಮ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಬೀದಿ ದಾಟಿದರು.

ಇವತ್ತಿನ ಹಾಜರಿಯೂ ಮುಗಿಯಿತು. ಯಂಕಪ್ಪನದ್ದು ಗಟ್ಟಿ ತಾಳ, ಮೂಲೆಯ ಬಸಲಿಂಗನದ್ದು ಸ್ವಲ್ಪ ಸೋಮಾರಿ. ಇನ್ನೇನಾದರೂ ಆಸೆ ಇದೆಯೇ ಎಂದರೆ ಪಿಳ್ಳಮ್ಮ ಗಂಭೀರವಾಗಿ ಯೋಚಿಸುತ್ತಾರೆ. "ಇದನ್ನ ಪೇಪರಲ್ಲಿ ಹಾಕ್ತೀರಲ್ಲ, ಅಕ್ಷರ ಸ್ವಲ್ಪ ದಪ್ಪ ಹಾಕಿಸಿ. ರುಕ್ಮವ್ವ ಓದ್ಬೇಕು. ಒತ್ತಕ್ಷರದಲ್ಲಿ ಇನ್ನೂ ಎಡವ್ತಾಳೆ."

ರುಕ್ಮವ್ವ ಅಷ್ಟರಲ್ಲಿ ಕುರ್ಚಿಯ ಪಕ್ಕ ಬಂದು ಕೂತಿದ್ದಾಳೆ. ಟೀಚರ ಸುಕ್ಕು ಕೈಯನ್ನು ತನ್ನ ತೊಡೆಯ ಮೇಲಿಟ್ಟು ನಾಡಿ ಹಿಡಿದು, ಸೀಮೆಸುಣ್ಣದ ತಗಡಿನ ಡಬ್ಬಿಯ ಮೇಲೆ ಮೆಲ್ಲಗೆ ಬಡಿಯತೊಡಗುತ್ತಾಳೆ. 

"ಜೋರಾಗಿ ಬಡಿಯವ್ವ, ನಂಗೂ ಕೇಳ್ಲಿ," ಎನ್ನುತ್ತಾರೆ ಪಿಳ್ಳಮ್ಮ.

ರುಕ್ಮವ್ವ ಜೋರಾಗಿ ಬಡಿದು, ತಲೆಯೆತ್ತಿ ಕೂಗುತ್ತಾಳೆ. "ಪಿಳ್ಳಮ್ಮ ಟೀಚರ್?"

ಪಿಳ್ಳಮ್ಮ ಕುರ್ಚಿಯಿಂದ ಎದ್ದು, ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಾರೆ.

"ಹಾಜರ್ ಕಣವ್ವ. ಇನ್ನೂ ಹಾಜರ್."