ಗೊಟ್ಟದಲ್ಲಿ ಕೊಟ್ಟ ಎಣ್ಣೆ

ಲಕ್ಷ್ಮೇಶ್ವರ ಆಗಿನ್ನೂ ಹೊಸ ತಾಲ್ಲೂಕು. ನಾನು ಶಿರಹಟ್ಟಿ ಕಡೆಯ ಪಶು ಆಸ್ಪತ್ರೆಯೊಂದರಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಸೇವೆಗೆ ಸೇರಿ ಹದಿನೆಂಟು ವರ್ಷವಾಗಿತ್ತು. ಬೆಟಗೇರಿಯ ನೇಕಾರರ ಮನೆಯ ಮಗಳು ಎಮ್ಮೆಯ ಗರ್ಭಕ್ಕೆ ಕೈ ಹಾಕಿ ಅಡ್ಡ ಬಿದ್ದ ಕರು ತಿರುಗಿಸುತ್ತಾಳೆ ಎಂಬುದನ್ನು ನಮ್ಮವ್ವ ಕೊನೆಯವರೆಗೂ ಪೂರ್ತಿ ನಂಬಲಿಲ್ಲ. ನನಗೋ ಅದರ ಬಗ್ಗೆ ಭಾರಿ ಜಂಬ. ಮುಂದೆ ಆದದ್ದರಲ್ಲಿ ಆ ಜಂಬದ ಪಾಲೂ ಇದೆ.

ಆ ವರ್ಷ ಒಂದು ಸುತ್ತೋಲೆ ಬಂತು. ಅಶ್ವ ವೈದ್ಯಕೀಯದಲ್ಲಿ ಹದಿನೈದು ದಿನದ ತರಬೇತಿ, ಆಸಕ್ತರು ಹೆಸರು ಕೊಡಬೇಕು. ನಾವೆಲ್ಲ ನಕ್ಕೆವು. ಕುದುರೆ ಡಾಕ್ಟರಿಗೆ ಕೆಲಸವಿರುವುದು ರೇಸ್‌ಕೋರ್ಸಿನಲ್ಲಿ, ಸ್ಟಡ್ ಫಾರ್ಮಿನಲ್ಲಿ, ಹೆಚ್ಚೆಂದರೆ ಪೊಲೀಸರ ಅಶ್ವದಳದಲ್ಲಿ. ನಮ್ಮ ಸೀಮೆಯಲ್ಲಿ ಕುದುರೆಯೆಂದರೆ ಗದಗಿನ ಮದುವೆ ಮೆರವಣಿಗೆಯವು, ಬಿಟ್ಟರೆ ಕುರಿಗಾರರ ಗಂಟುಮೂಟೆ ಹೊರುವಂಥವು. ‘ಇಚ್ಛಿಸುವವರು ಯಾರೂ ಇಲ್ಲ’ ಎಂದು ಬರೆದು ಸಹಿ ಹಾಕಿದವಳು ನಾನೇ.

ಸುಗ್ಗಿ ಮುಗಿದ ಮೇಲೆ ಕುರಿಗಾರ ಬರಮಪ್ಪ ನಮ್ಮ ಕಡೆಯ ಮಾಗಡಿ ಹತ್ತಿರದ ಹೊಲದಲ್ಲಿ ಹಿಂಡು ನಿಲ್ಲಿಸಿದ್ದ. ಕುರಿಗಳಿಗೆ ಲಸಿಕೆ ಹಾಕಿ ಹಾಕಿ ಅವನೂ ಅವನ ಹೆಂಡತಿ ನೀಲವ್ವನೂ ನನಗೆ ಪರಿಚಯದವರು. ಅವರ ಬಳಿ ಚಂದ್ರಿ ಎಂಬ ಹೆಣ್ಣು ಕುದುರೆಯಿತ್ತು. ಊರಿಂದೂರಿಗೆ ಹೋಗುವಾಗ ಪಾತ್ರೆ, ಕಂಬಳಿ, ಆಗತಾನೆ ಹುಟ್ಟಿದ ಮರಿಗಳು ಎಲ್ಲವೂ ಅದರ ಬೆನ್ನ ಮೇಲೆ. ಅದಿಲ್ಲದಿದ್ದರೆ ಆ ಸಂಸಾರ ಇದ್ದಲ್ಲಿಂದ ಏಳುವಂತಿರಲಿಲ್ಲ.

ಒಂದು ಬೆಳಿಗ್ಗೆ ಬರಮಪ್ಪನ ಫೋನು. ಚಂದ್ರಿ ಹೊಟ್ಟೆನೋವಿನಿಂದ ನೆಲಕ್ಕೆ ಬಿದ್ದು ಹೊರಳುತ್ತಿದೆ, ಲದ್ದಿ ಹಾಕಿಲ್ಲ ಎಂದ. ನಾನು ಕಾಲುಬಾಯಿ ಬೇನೆಯ ಲಸಿಕೆಗೆಂದು ಬೇರೆ ಊರಲ್ಲಿದ್ದೆ, ಮುಂದೆ ನೂರಾರು ದನ. ಎರಡು ತಾಸು ಬಿಟ್ಟು ಬರುತ್ತೇನೆ, ಅಷ್ಟರೊಳಗೆ ಅರ್ಧ ಲೀಟರ್ ಎಣ್ಣೆ ಗೊಟ್ಟದಲ್ಲಿ ಹಾಕು ಎಂದೆ. ಗೊಟ್ಟವೆಂದರೆ ದನಕ್ಕೆ ಔಷಧಿ ಕುಡಿಸುವ ಬಿದಿರಿನ ಕೊಳವೆ. ತಲೆ ಎತ್ತಿ ಹಿಡಿದು ಬಾಯಲ್ಲಿ ಸುರಿಯುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಗೊತ್ತು. ಹದಿನೆಂಟು ವರ್ಷ ಇದೇ ಮಾತನ್ನು ಹೇಳಿದ್ದೆ, ದನಗಳು ಎದ್ದಿದ್ದವು.

ನಾನು ಹೋಗುವಷ್ಟರಲ್ಲಿ ಚಂದ್ರಿ ಲದ್ದಿ ಹಾಕಿ ಎದ್ದು ನಿಂತಿತ್ತು. ನೀಲವ್ವ ಚಹಾ ಕೊಟ್ಟಳು. ನನ್ನ ಬೆನ್ನು ನಾನೇ ತಟ್ಟಿಕೊಂಡು ಬಂದೆ.

ಮೂರನೆಯ ದಿನ ಮತ್ತೆ ಫೋನು. ಹೋಗಿ ನೋಡಿದರೆ ಜ್ವರ ನೂರನಾಲ್ಕು ಡಿಗ್ರಿ, ಮೂಗಿನಲ್ಲಿ ನಾರುವ ಸಿಂಬಳ, ಉಸಿರಿಗೆ ಪಕ್ಕೆ ಎಗರುತ್ತಿದ್ದವು. ಗಾಬರಿಯಾಗಿ, ರೇಸ್ ಕುದುರೆಗಳನ್ನು ನೋಡಿ ನಿವೃತ್ತರಾಗಿದ್ದ ಹಿರಿಯರೊಬ್ಬರಿಗೆ ಫೋನು ಹಚ್ಚಿದೆ. ಅವರು ಕೇಳಿದ್ದು ಒಂದೇ: ‘ಎಣ್ಣೆ ಹೇಗೆ ಕೊಟ್ಟಿರಿ?’ ಹೇಳಿದೆ. ಆಮೇಲೆ ಬೈಯದೆ ತಿಳಿಸಿದರು. ತಲೆ ಎತ್ತಿ ಸುರಿದ ಎಣ್ಣೆ ಶ್ವಾಸನಾಳಕ್ಕೆ ಜಾರುತ್ತದೆ, ಕುದುರೆ ಕೆಮ್ಮುವುದೂ ಇಲ್ಲ, ಒಳಗೇ ಶ್ವಾಸಕೋಶ ಕೊಳೆಯುತ್ತದೆ. ಅದಕ್ಕೇ ಕುದುರೆಗೆ ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿ ಎಣ್ಣೆ ಬಿಡಬೇಕು. ಕಾಲೇಜಿನಲ್ಲಿ ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೈಯಿಂದ ಒಮ್ಮೆಯೂ ಮಾಡಿರಲಿಲ್ಲ.

ಐದು ದಿನ ಎರಡು ಹೊತ್ತು ಇಂಜೆಕ್ಷನ್ ಕೊಟ್ಟೆ. ಆರನೆಯ ದಿನ ಮಧ್ಯಾಹ್ನ ಚಂದ್ರಿ ಸತ್ತಿತು.

ಮರುದಿನ ಹೋದಾಗ ಗಂಡ ಹೆಂಡಿರಿಬ್ಬರೂ ಹಟ್ಟಿಯ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂತಿದ್ದರು. ನೀಲವ್ವ ಗಂಡನ ಜೊತೆ ಮಾತು ಬಿಟ್ಟಿದ್ದಳು. ಬರಮಪ್ಪ ನನ್ನ ಮುಖ ನೋಡದೆ ಹೇಳಿದ:

‘ಗೊಟ್ಟಾ ಹಿಡಿದಾಂವ ನಾನ ಅಲ್ರಿ ಅಕ್ಕಾರ. ಹಾಕೂದರಾಗ ಏನೋ ತಪ್ಪ ಮಾಡೀನಿ. ನನ್ನ ಕೈಲೇ ಸತ್ತಳ್ರಿ ಆಕಿ.’

ಸುಮ್ಮನಿದ್ದುಬಿಟ್ಟಿದ್ದರೆ ಮುಗಿದಿತ್ತು. ಕೇಳುವವರು ಯಾರು? ಹೌದಪ್ಪಾ, ಹಣೆಬರಹ ಎಂದು ನಾಲಿಗೆ ತುದಿಯವರೆಗೆ ಬಂದಿತ್ತು ಎಂದು ಈಗ ಬರೆಯಲೂ ನಾಚಿಕೆಯಾಗುತ್ತದೆ. ಆದರೆ ಆ ಮನುಷ್ಯ ತನ್ನ ಎರಡೂ ಅಂಗೈ ಬಿಚ್ಚಿಕೊಂಡು ನೋಡುತ್ತ ಕೂತಿದ್ದ. ನೀನು ನಾನು ಹೇಳಿದ ಹಾಗೇ ಮಾಡಿದಿ, ಹೇಳಿದ್ದೇ ತಪ್ಪಿತ್ತು, ಕುದುರೆಗೆ ಹಾಗೆ ಹಾಕಬಾರದು ಎಂದೆ.

ಅವನು ಸಿಟ್ಟಾಗಲಿಲ್ಲ. ಎದ್ದು ಹೆಂಡತಿಯನ್ನು ಕರೆದ. ‘ನೀಲವ್ವಾ, ಇಲ್ಲೆ ಬಾ. ಅಕ್ಕಾರ ಏನ ಹೇಳತಾರ ಕೇಳು.’

ಅವಳೆದುರು ಇನ್ನೊಮ್ಮೆ ಹೇಳಬೇಕಾಯಿತು. ಮೊದಲಿಗಿಂತ ಎರಡನೆಯ ಸಲ ಕಷ್ಟವಾಯಿತು. ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು ಗಂಡನ ಪಕ್ಕಕ್ಕೆ ಬಂದು ಕೂತಳು. ಆಮೇಲೆ ನನ್ನ ಕಡೆ ತಿರುಗಿದಳು.

‘ಖರೆ ಹೇಳಿದ್ರಿ, ಛಲೋ ಆತು. ಆದ್ರ ಕಲಿಯೂತನಕ ಮತ್ತೊಬ್ಬರ ಕುದರಿ ಮುಟ್ಟಬ್ಯಾಡ್ರಿ.’

ಮೇಲಧಿಕಾರಿಗಳಿಂದ ಎಷ್ಟೋ ಮೆಮೊ ತಿಂದಿದ್ದೇನೆ. ಯಾವುದೂ ಹೀಗೆ ನಾಟಿಲ್ಲ.

ಮರುವರ್ಷ ಸುತ್ತೋಲೆ ಬಂದಾಗ ಮೊದಲು ನನ್ನ ಹೆಸರು ಬರೆದೆ. ತರಗತಿಯಲ್ಲಿ ನನ್ನನ್ನು ಬಿಟ್ಟರೆ ಎಲ್ಲರೂ ಹೊಸದಾಗಿ ಓದು ಮುಗಿಸಿದವರು. ಒಬ್ಬನ ಕಣ್ಣು ರೇಸ್ ಲಾಯದ ಮೇಲೆ, ಇನ್ನೊಬ್ಬನದು ಸ್ಟಡ್ ಫಾರ್ಮಿನ ಮೇಲೆ. ಹೊರದೇಶಕ್ಕೆ ಹೋಗಿ ಕುದುರೆ ಶಸ್ತ್ರಚಿಕಿತ್ಸೆ ಕಲಿಯಬೇಕೆಂದಿದ್ದ ಹುಡುಗಿಯೊಬ್ಬಳು ನನ್ನನ್ನು ಕೇಳಿಯೇಬಿಟ್ಟಳು: ನಿಮ್ಮ ಕಡೆ ಕುದುರೆಯೇ ಕಡಿಮೆಯಂತಲ್ಲ ಮೇಡಂ, ಇದರಿಂದ ನಿಮಗೆ ಬಡ್ತಿ ಸಿಗುತ್ತದೆಯೇ? ಬಡ್ತಿ ಏನೂ ಇಲ್ಲ, ಕಡಿಮೆ ಇರುವುದಕ್ಕೇ ಬಂದೆ ಎಂದೆ. ದಿನಾ ಕಾಣುವ ಪ್ರಾಣಿ ತನ್ನ ಚಿಕಿತ್ಸೆಯನ್ನು ತಾನೇ ಕಲಿಸುತ್ತದೆ. ವರ್ಷಕ್ಕೊಮ್ಮೆ ಬರುವುದನ್ನು ನಾವೇ ಮೊದಲು ಹೋಗಿ ಕಲಿತಿರಬೇಕು. ಕೆಲಸ ನನಗೆ ಕಲಿಸಿದ್ದು ಇದನ್ನು, ಕಲಿಸಿದ ರೀತಿ ಮಾತ್ರ ಯಾರಿಗೂ ಬೇಡ.

ಮರುದಿನ ನನ್ನ ಸರದಿ ಬಂತು. ಶಾಂತವಾಗಿ ನಿಂತಿದ್ದ ಒಂದು ಮುದಿ ಕುದುರೆ. ಮೂಗಿನ ಹೊಳ್ಳೆಯಿಂದ ನಳಿಗೆ ಇಳಿಸಿದೆ, ಅದು ನುಂಗಿತು, ಇನ್ನಷ್ಟು ದೂಡಿದೆ. ನಳಿಗೆಯ ತುದಿ ಮೂಸಿ ನೋಡಿ ಎಂದರು ಮೇಷ್ಟ್ರು. ಹೊಟ್ಟೆಯೊಳಗಿನ ಹುಲ್ಲಿನ ಹುಳಿ ವಾಸನೆ ಬಂತು; ನಳಿಗೆ ಶ್ವಾಸನಾಳಕ್ಕಲ್ಲ, ಹೊಟ್ಟೆಗೇ ಇಳಿದಿತ್ತು. ಅಷ್ಟು ಹುಡುಗರ ಮುಂದೆ ನಳಿಗೆ ಹಿಡಿದುಕೊಂಡೇ ಅತ್ತುಬಿಟ್ಟೆ.

ಐದೇ ನಿಮಿಷದ ಕೆಲಸವಾಗಿತ್ತು ಅದು.