ಹಣ್ಣಿಗೆ ಹಾರು, ಕಾಯಿಗೆ ನಿಲ್ಲು

ಕನಕಪುರದ ಆಸುಪಾಸಿನಲ್ಲಿ ರೇಷ್ಮೆ ಕೈಹಿಡಿದ ಕಾಲದಲ್ಲಿ ಎಲ್ಲರ ಮನೆಗೂ ಏನಾದರೊಂದು ಹೊಸದು ಬಂತು. ಕೆಲವರಿಗೆ ಮೋಟಾರ್ ಬೈಕು, ಕೆಲವರಿಗೆ ತಾರಸಿ ಮನೆ, ಕೆಲವರಿಗೆ ಬರೀ ಸೊಕ್ಕು. ಚೆಲುವಯ್ಯನಿಗೆ ವಾಲಿಬಾಲ್ ಬಂತು. ಅವನು ಕುರಿ ಸಾಕುವ ಮನೆಯಲ್ಲಿ ಹುಟ್ಟಿದವನು. ಅಪ್ಪ ಮಂದೆ ಮಾರಿ ಹೊಲಕ್ಕೆಲ್ಲ ಹಿಪ್ಪುನೇರಳೆ ಹಾಕಿದ ಮೇಲೆ, ಹಗಲೆಲ್ಲ ಕುರಿ ಹಿಂದೆ ಅಲೆದ ಕಾಲುಗಳಿಗೆ ಕೆಲಸವೇ ಇಲ್ಲದಂತಾಯಿತು. ಹುಳು ಮನೆಯ ಯಜಮಾನಿಕೆ ಹೆಂಡತಿ ಕೆಂಚಮ್ಮನದು. ಸೊಪ್ಪು ಕೊಯ್ದು ತಂದು ಹಾಕಿದರೆ ಇವನ ಪಾಲಿನದು ಮುಗಿಯಿತು, ಮಿಕ್ಕ ಹೊತ್ತೆಲ್ಲ ಅರ್ಕಾವತಿಯ ಮರಳಿನ ಮೇಲೆ.

ಬೇಸಿಗೆಯಲ್ಲಿ ಹೊಳೆ ಒಂದು ದಡಕ್ಕೆ ಸರಿದು ತೆಳ್ಳಗೆ ಹರಿಯುತ್ತಿತ್ತು. ಖಾಲಿ ಮರಳಿನಲ್ಲಿ ಎರಡು ಗಳ ನೆಟ್ಟು, ಕುರಿ ಮಂದೆಗೆ ಸುತ್ತುವ ಹಳೆಯ ಬಲೆ ಕಟ್ಟಿ ಆಡುತ್ತಿದ್ದರು. ಒಂದೊಂದು ಕಡೆ ಆರಾರು ಜನ ಆಡುವ ಆಟವನ್ನು ನಮ್ಮವರು ಇಬ್ಬಿಬ್ಬರೇ ಆಡುತ್ತಿದ್ದರು. ಯಾವುದೋ ದೇಶದ ಸಮುದ್ರದ ದಂಡೆ ನೋಡಿ ಕಲಿತದ್ದಲ್ಲ. ಹುಳು ಸಾಕುವ ಊರಿನಲ್ಲಿ ಹನ್ನೆರಡು ಗಂಡಸರು ಒಟ್ಟಿಗೆ ಬಿಡುವಾಗಿ ಸಿಗುವುದು ಯಾರಾದರೂ ಸತ್ತಾಗ ಮಾತ್ರ.

ಚೆಲುವಯ್ಯನ ಜೊತೆಗಾರ ನಜೀರ್. ಕನಕಪುರ ಪೇಟೆಯವನು, ಗೂಡು ಬೇಯಿಸಿ ನೂಲು ಬಿಚ್ಚುವ ಒಲೆಯ ಮುಂದೆ ಮೀಸೆ ಬರುವ ಮೊದಲಿನಿಂದ ಕೂತವನು. ಆಳು ಕುಳ್ಳ. ಶುಕ್ರವಾರ ನಮಾಜು ಮುಗಿಸಿ ಸೈಕಲ್ ತುಳಿದುಕೊಂಡು ಬರುತ್ತಿದ್ದ. ಬಿಸಿನೀರಿನಲ್ಲಿ ನೆಂದು ಬಿಳಿಚಿಕೊಂಡ ಆ ಕೈಗಳು ಎಂಥ ಹೊಡೆತವನ್ನೂ ನೆಲಕ್ಕೆ ಬೀಳಗೊಡುತ್ತಿರಲಿಲ್ಲ. ಸೀಟಿ ಊದುತ್ತಿದ್ದವನು ನಾನೇ ಆದ್ದರಿಂದ ಈ ಮಾತಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಉದ್ದದ ಚೆಲುವಯ್ಯ ನೆಟ್ಟಿನ ಬಳಿ, ನಜೀರ್ ಹಿಂದೆ. ತೊಂದರೆ ಇದ್ದದ್ದು ಚೆಲುವಯ್ಯನ ಕಾಲಿನಲ್ಲಿ. ನೆಟ್ಟಿನ ಆಚೆ ಚೆಂಡು ಮೇಲೆದ್ದರೆ ಸಾಕು, ಇವನೂ ಏಳುತ್ತಿದ್ದ. ಎದುರಿನವನು ಹೊಡೆಯುವ ಹೊತ್ತಿಗೆ ಇವನು ಹಾರಿ ಇಳಿದಾಗಿರುತ್ತಿತ್ತು. ಬ್ಲಾಕ್ ಮಾಡುವುದಕ್ಕೆ ಲೆಕ್ಕವಿದೆ. ಎದುರಿನವರು ಚೆಂಡನ್ನು ನೆಟ್ಟಿಗೆ ಹತ್ತಿರ ಎತ್ತಿಕೊಂಡರೆ ಹಾರಬೇಕು, ಕೈ ಅಡ್ಡ ಒಡ್ಡಬೇಕು. ದೂರ ಎತ್ತಿಕೊಂಡರೆ ಹಾರಬಾರದು. ಹಿಂದಕ್ಕೆ ಸರಿದು ಅರ್ಧ ಅಂಗಳ ಕಾಯಬೇಕು, ಇನ್ನರ್ಧ ಜೊತೆಗಾರನದು. ಇಬ್ಬರಲ್ಲಿ ಒಬ್ಬ ಸುಮ್ಮಸುಮ್ಮನೆ ಹಾರಿದರೆ ಅರ್ಧ ಅಂಗಳ ಬಾಗಿಲಿಲ್ಲದ ಮನೆ. ಇದನ್ನು ನಜೀರ್ ಎಷ್ಟು ಸಲ ಹೇಳಿದರೂ ಚೆಲುವಯ್ಯ ತಲೆಯಾಡಿಸುತ್ತಿದ್ದ, ಮರುಗಳಿಗೆ ಹಾರುತ್ತಿದ್ದ.

ಒಂದು ಶುಕ್ರವಾರ ನಜೀರ್ ನೀರು ಕೇಳಿಕೊಂಡು ಅವರ ಮನೆಗೆ ಹೋದಾಗ ಹುಳು ಆರಿಸುವ ಕೆಲಸ ನಡೆದಿತ್ತು. ತಿಂದು ತಣಿದ ಹುಳು ಸೊಪ್ಪು ಬಿಟ್ಟು, ಮೈ ಜೇನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಆಡಿಸತೊಡಗಿದರೆ ಅದು ಹಣ್ಣಾಯಿತು ಎನ್ನುತ್ತಾರೆ. ಆಗ ಎತ್ತಿ ಬಿದಿರಿನ ಚಂದ್ರಿಕೆಗೆ ಬಿಟ್ಟರೆ ಅಲ್ಲಿ ಗೂಡು ಕಟ್ಟುತ್ತದೆ. ಅವಸರ ಮಾಡಿದರೆ ಗೂಡು ಜಳ್ಳು. ತಡ ಮಾಡಿದರೆ ತಟ್ಟೆಯ ಕಸದಲ್ಲೇ ನೂಲು ಬಿಟ್ಟು ಬೆಳೆ ಹಾಳು. ಚೆಲುವಯ್ಯ ಇಲ್ಲೂ ಅವಸರದವನೇ. ಕೈ ಹಾಕಿದ ಹುಳುವನ್ನೆಲ್ಲ ಎತ್ತುತ್ತಿದ್ದ. ಪಕ್ಕದಲ್ಲಿ ಕೂತ ಕೆಂಚಮ್ಮ ತಲೆಯೆತ್ತದೆ ಹೇಳುತ್ತಿದ್ದಳು, "ಕಾಯಿ, ಬುಡಿ. ಅದೂ ಕಾಯಿ. ಹಾಂ, ಅದು ಹಣ್ಣು, ಎತ್ತಿ." ಅವಳ ಮಾತಿಗೆ ಅವನ ಕೈ ಎತ್ತಿನಂತೆ ನಿಲ್ಲುತ್ತಿತ್ತು, ಹೊರಡುತ್ತಿತ್ತು. ಬಾಗಿಲಲ್ಲಿ ನಿಂತ ನಜೀರ್ ನೀರು ಕುಡಿಯುವುದನ್ನೇ ಮರೆತ.

ಅವತ್ತು ಸಂಜೆಯಿಂದಲೇ ಮರಳಿನ ಮೇಲೆ ನಜೀರನ ದನಿ ಶುರುವಾಯಿತು. ಚೆಂಡು ನೆಟ್ಟಿಗೆ ಹತ್ತಿರವಿದ್ದರೆ "ಹಣ್ಣು", ದೂರವಿದ್ದರೆ "ಕಾಯಿ". ಚೆಲುವಯ್ಯನ ಕಾಲು ಅಷ್ಟು ವರ್ಷ ಯಾರ ಮಾತೂ ಕೇಳದಿದ್ದದ್ದು, ಈ ಎರಡು ಮಾತು ಕೇಳಿತು. ಎದುರಾಳಿಗಳಿಗೆ ಮೊದಲು ತಲೆಬುಡ ತಿಳಿಯಲಿಲ್ಲ. ತಿಳಿದ ಮೇಲೆ, ಚೆಲುವಯ್ಯನ ಕಣ್ಣು ನಜೀರನ ಬಾಯಲ್ಲಿದೆ ಎಂದು ರೇಗಿಸಿದರು. ಎಲ್ಲಿದ್ದರೇನು, ಕಾಣುತ್ತದಲ್ಲ ಎಂದು ಅವನು ಹಲ್ಲು ಕಿರಿದ. ಅವರಿಬ್ಬರೂ ಚನ್ನಪಟ್ಟಣದ ಜೋಡಿಯನ್ನು ಸೋಲಿಸಿದರು, ರಾಮನಗರದವರನ್ನು ಸೋಲಿಸಿದರು. ವರ್ಷಕ್ಕೊಮ್ಮೆ ಹೊಳೆಯ ಮರಳಿನಲ್ಲಿ ನಡೆಯುವ ಪಂದ್ಯದ ಕಪ್ಪು ಮಾತ್ರ ಮಾಗಡಿ ಕಡೆಯ ತಿಪ್ಪಸಂದ್ರಕ್ಕೇ ಹೋಗುತ್ತಿತ್ತು. ಅಲ್ಲಿನ ಸಿದ್ದಯ್ಯ ಮತ್ತು ಮುನಿರಾಮಯ್ಯ ಮಾತಿಲ್ಲದೆ ಆಡುವವರು, ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.

ಈ ನಡುವೆ ನಜೀರನ ಉಸಿರು ಕೆಟ್ಟಿತು. ಒಲೆಯ ಹೊಗೆ, ಬೆಂದ ಹುಳುವಿನ ಹಬೆ ಎದೆಯೊಳಗೆ ಮನೆ ಮಾಡಿದ್ದವು. ಒಲೆ ಬಿಡು, ಇಲ್ಲವೇ ಆಟ ಬಿಡು ಎಂದರು ಡಾಕ್ಟರು. ಒಲೆ ಬಿಟ್ಟರೆ ಉಣ್ಣುವುದೇನು? ಆ ಬೇಸಿಗೆಯ ಪಂದ್ಯವೇ ಕೊನೆಯದು ಎಂದು ನಜೀರ್ ಹೇಳಿದ. ಅವನ ಮಗಳು ಖತೀಜಾ ಅಪ್ಪ ಕೆಮ್ಮುವುದನ್ನಷ್ಟೇ ನೋಡಿದ್ದಳು, ಆಡುತ್ತಾನೆಂದರೆ ನಗುತ್ತಿದ್ದಳು. ಕಪ್ಪು ಕೊಂಡುಹೋಗಿ ಅವಳ ಮುಂದೆ ಇಡಬೇಕು ಎನ್ನುವುದು ನಜೀರನಿಗಿದ್ದ ಒಂದೇ ಆಸೆ. ಅದು ಚೆಲುವಯ್ಯನಿಗೆ ಅವನಿಗಿಂತ ಹೆಚ್ಚಾಗಿ ಹತ್ತಿಕೊಂಡಿತು.

ಫೈನಲ್ ದಿನ ಚೆಲುವಯ್ಯನ ಮನೆಯಲ್ಲಿ ಹುಳು ಕೊನೆಯ ಮೇವು ತಿನ್ನುತ್ತಿದ್ದವು. ನಾಳೆ ಹೊತ್ತಿಗೆ ಹಣ್ಣಾಗುತ್ತವೆ, ಹೋಗಿಬನ್ನಿ ಎಂದು ಕೆಂಚಮ್ಮ ಕಳಿಸಿಕೊಟ್ಟಳು. ಆದರೆ ಅವತ್ತಿನ ಬಿಸಿಲು ಮರಳಿನಲ್ಲಿ ಕಾಲಿಡಗೊಡದಂಥ ಬಿಸಿಲು.

ಎದುರಿಗೆ ಮತ್ತೆ ತಿಪ್ಪಸಂದ್ರದವರೇ. ಮೊದಲನೆಯ ಸೆಟ್ಟು ನಮ್ಮವರದು, ಎರಡನೆಯದು ಅವರದು. ಮೂರನೆಯದರ ನಡುವೆ ನಜೀರನ ದನಿ ನಿಂತಿತು. ಬಾಯಿ ತೆರೆಯುತ್ತಿದ್ದ, ಶಬ್ದ ಬರುತ್ತಿರಲಿಲ್ಲ. ಆಟ ನಿಲ್ಲಿಸೋಣವೇ ಎಂದು ನಾನು ಕೇಳಿದ್ದಕ್ಕೆ ಕೈಯಲ್ಲೇ ಬೇಡ ಎಂದ. ಚೆಲುವಯ್ಯ ಒಮ್ಮೆ ಹಿಂದಿರುಗಿ ನೋಡಿದ, ಆಮೇಲೆ ನೋಡಲಿಲ್ಲ.

ಇನ್ನು ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಚೆಂಡು ದೂರ ಎದ್ದಾಗ ಚೆಲುವಯ್ಯ ಹಿಂದಕ್ಕೆ ಸರಿದ, ಹತ್ತಿರ ಎದ್ದಾಗ ಹೊಡೆಯುವವನ ಭುಜ ಏಳುವವರೆಗೂ ಕಾದು ಹಾರಿದ. ಸಿದ್ದಯ್ಯನ ಎರಡು ಹೊಡೆತ ಅವನ ಕೈಗೆ ಬಡಿದು ಅವರ ಅಂಗಳಕ್ಕೇ ಬಿದ್ದವು. ಇವನು ಸರಿದ ಕಡೆ ನೋಡಿಕೊಂಡು ನಜೀರ್ ಮಿಕ್ಕ ಅರ್ಧಕ್ಕೆ ಹೋಗಿ ನಿಲ್ಲುತ್ತಿದ್ದ, ಕೆಲಸ ಹಂಚಿಕೊಂಡ ಅಣ್ಣತಮ್ಮಂದಿರ ಹಾಗೆ. ನನಗೆ ಸೀಟಿ ಊದುವುದೇ ಮರೆತುಹೋಗುತ್ತಿತ್ತು.

ಎರಡೂ ಕಡೆ ಸಮವಾಗಿ ಬಂದು, ತಿಪ್ಪಸಂದ್ರದವರು ಒಂದು ಪಾಯಿಂಟ್ ಮುಂದಾದರು. ಇನ್ನೊಂದು ಸಿಕ್ಕರೆ ಕಪ್ಪು ಅವರದೇ. ಸರ್ವ್ ಅವರದು. ಚೆಲುವಯ್ಯ ಹೊಡೆದ ಚೆಂಡನ್ನು ಮುನಿರಾಮಯ್ಯ ಬಿದ್ದು ಎತ್ತಿದ. ಸಿದ್ದಯ್ಯ ಅದನ್ನು ಮೇಲೆ ಕೊಟ್ಟದ್ದು ನೆಟ್ಟಿನಿಂದ ದೂರ, ಅಪ್ಪಟ ಕಾಯಿ. ಚೆಲುವಯ್ಯ ಸರಿಯಾಗಿ ನೋಡಿದ, ಹಿಂದಕ್ಕೆ ಹೆಜ್ಜೆ ಇಟ್ಟ. ಅದನ್ನು ನಂಬಿ ನಜೀರ್ ಇನ್ನೊಂದು ಮೂಲೆಗೆ ಹೊರಟ. ಆಗ ಚೆಲುವಯ್ಯನ ಬೆನ್ನ ಹಿಂದಿನ ದಡದ ಮೇಲಿನಿಂದ ಕೂಗು ಕೇಳಿತು.

"ಹಣ್ಣಾಗ್ಬುಟ್ವು!"

ಚೆಲುವಯ್ಯ ಮುಂದಕ್ಕೆ ನುಗ್ಗಿ ಹಾರಿದ. ಜೀವಮಾನದಲ್ಲೇ ಅಷ್ಟು ಎತ್ತರ ಅವನು ಹಾರಿರಲಿಕ್ಕಿಲ್ಲ. ಮುನಿರಾಮಯ್ಯ ಮೆಲ್ಲಗೆ ತಟ್ಟಿದ ಚೆಂಡು ಅವನ ಬೆರಳುಗಳ ಮೇಲೆ ದಾಟಿ, ಯಾರೂ ಇಲ್ಲದ ಅರ್ಧದಲ್ಲಿ ಬಿತ್ತು. ನಜೀರ್ ತಿರುಗಿ ಓಡಿದ, ಮುಟ್ಟಲಾಗಲಿಲ್ಲ, ಅಲ್ಲೇ ಕುಸಿದು ಕೂತ. ನಾನು ಸೀಟಿ ಊದಿದೆ.

ಬಿಸಿಲಿಗೆ ಹುಳು ಒಂದು ದಿನ ಮುಂಚೆ ಹಣ್ಣಾಗಿದ್ದವು. ಕೆಂಚಮ್ಮ ಗಂಡನನ್ನು ಕರೆಯಲು ಓಡಿಬಂದಿದ್ದಳು, ಅಷ್ಟೇ. ವಿಷಯ ತಿಳಿದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಚೆಲುವಯ್ಯ ಅಷ್ಟು ಜನರ ಮುಂದೆ ಹೆಂಡತಿಯ ಮೇಲೆ ಎಗರಾಡಿದ. ಕೆಂಚಮ್ಮ ಬೈಸಿಕೊಂಡು ನಿಲ್ಲುವವಳಲ್ಲ. ತಾನು ಹುಳುವಿನ ಮಾತು ಹೇಳಿದ್ದು, ಹಾರಲು ಹೇಳಿದವರು ಯಾರು ಎಂದು ಕೇಳಿದಳು.

ತಿಪ್ಪಸಂದ್ರದವರು ಕಪ್ಪು ಎತ್ತಿಕೊಂಡು ಹೋದರು. ಜನ ಚದುರಿದರು. ನಾನು ಬಲೆ ಬಿಚ್ಚುತ್ತಿದ್ದೆ. ನಜೀರ್ ಇನ್ನೂ ಮರಳಿನಲ್ಲೇ ಕೂತಿದ್ದ. ಉಸಿರು ಒಂದು ಹದಕ್ಕೆ ಬಂದ ಮೇಲೆ ಸಣ್ಣ ದನಿಯಲ್ಲಿ ಕೇಳಿದ.

"ಕಾಯಿ ಅಂತ ನಿಂಗೆ ಕಂಡಿತ್ತು. ಹಿಂದಕ್ಕೂ ಬಂದೆ. ಮತ್ಯಾಕ್ಲಾ ಹಾರ್ದೆ?"

ಚೆಲುವಯ್ಯ ಅವನ ಪಕ್ಕ ಕುಕ್ಕರಗಾಲಿನಲ್ಲಿ ಕೂತ.

"ನಿನ್ ದನಿ ವಾಪಸ್ ಬಂತು ಅಂದ್ಕಂಡೆ ಕಣ್ಲಾ."

ನಜೀರ್ ಮುಖ ತಿರುಗಿಸಿ ಹೊಳೆಯ ಕಡೆ ನೋಡುತ್ತ ಕೂತ. ನಾನು ಬಿಚ್ಚಿದ ಗಂಟನ್ನೇ ಮತ್ತೆ ಬಿಚ್ಚಿದೆ. ಬೇಗ ಬನ್ನಿ, ಹುಳುವೆಲ್ಲ ಕಸಕ್ಕೆ ನೂಲು ಬಿಡುತ್ತಿವೆ ಎಂದು ಕೆಂಚಮ್ಮ ದಡದಿಂದ ಕೂಗಿ ಮನೆಯ ಕಡೆ ಓಡಿದಳು. ಚೆಲುವಯ್ಯ ನಜೀರನನ್ನು ಕೈಹಿಡಿದು ಎಬ್ಬಿಸಿದ. ಓಡಲಿಲ್ಲ. ನಜೀರ್ ನಿಂತಲ್ಲಿ ತಾನೂ ನಿಂತು, ಅವನು ನಡೆದಾಗ ತಾನೂ ನಡೆದು, ಅವನ ಉಸಿರಿನ ಜೊತೆಗೇ ದಡ ಹತ್ತಿದ.