ಮೇಷ್ಟ್ರ ಸರದಿಯ ಗಾಡಿ

ಶಿವಬಸಪ್ಪ ಮೇಷ್ಟ್ರೇ, ನನ್ನ ಹೆಂಡತಿಗೆ ಯಾವ ಕಾಯಿಲೆಯೂ ಇರಲಿಲ್ಲ. ಆವತ್ತೂ ಇರಲಿಲ್ಲ, ಈವತ್ತೂ ಇಲ್ಲ. ನಾಲ್ಕು ವರ್ಷದ ಹಿಂದೆ ಕೊಯಮತ್ತೂರಿನ ಆ ಶೆಡ್ಡಿನಲ್ಲಿ ನಿಮ್ಮ ಮುಂದೆ, ನಿಮ್ಮ ಮನೆಯವರ ಮುಂದೆ ನಿಂತುಕೊಂಡು ನಾನು ಹೇಳಿದ್ದು ಸುಳ್ಳು. ಆ ಸುಳ್ಳಿನಿಂದಲೇ ನಿಮ್ಮ ಸರದಿಯ ಗಾಡಿ ನನ್ನ ಮನೆ ಬಾಗಿಲಿಗೆ ಬಂತು.

ಹೇಳಿಬಿಟ್ಟೆ. ಇನ್ನು ಮೊದಲಿಂದ ಬರೆಯುತ್ತೇನೆ. ನಿಮಗೆ ಗೊತ್ತಿರುವುದೂ ಮಧ್ಯೆ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಒಂದೊಂದು ಕಡೆ ಬಿಟ್ಟು ಬರೆದರೆ ನಾನು ಮತ್ತೆ ನನಗೆ ಬೇಕಾದ ಹಾಗೆ ಬರೆದುಕೊಂಡುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ನಾನು ಗುಂಡ್ಲುಪೇಟೆಯ ಈರುಳ್ಳಿ ಮಂಡಿಯವನು. ಮೂವತ್ತು ವರ್ಷ ಅಲ್ಲೇ ಕೂತು ಅಲ್ಲೇ ಕೂಗಾಡಿದವನು. ಈರುಳ್ಳಿ ಕಾಲದಲ್ಲಿ ನಮ್ಮ ಮಂಡಿ ಮುಂದೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಮೊದಲು ಬಂದವನಿಗೆ ಮೊದಲು ಲೋಡು. ಆದರೆ ಸಾಲಿನ ಕೊನೆಯಿಂದ ಒಬ್ಬ ಡ್ರೈವರ್ ಇಳಿದು ಬರುತ್ತಾನೆ — "ಅಣ್ಣೋ, ಅವ್ವುಂಗೆ ಸೀರಿಯಸ್ಸು, ಆಸ್ಪತ್ರೇಲವ್ಳೆ. ಒಸಿ ಬೇಗ ಲೋಡ್ ಮಾಡ್ಸ್ಕೊಡಿ." ಅವನ ಅವ್ವ ಆ ವರ್ಷವೇ ಮೂರು ಸಲ ಸೀರಿಯಸ್ಸಾಗಿ, ನಾಲ್ಕನೇ ವಾರ ಸಂತೆಗೆ ಬಂದು ನಮ್ಮಲ್ಲೇ ಟೀ ಕುಡಿದು ಹೋಗಿರುತ್ತಾಳೆ. ಅದು ನಮಗೂ ಗೊತ್ತು, ಅವನಿಗೂ ಗೊತ್ತು. "ಆಯ್ತು ಬುಡ್ಲಾ, ತಕಬಾ ಗಾಡಿಯ" ಅಂತ ನಕ್ಕು ಲೋಡು ಮಾಡಿಸುತ್ತೇವೆ. ಮುಂದೆ ನಿಂತವನು ಗೊಣಗಿಕೊಂಡು ಸುಮ್ಮನಾಗುತ್ತಾನೆ, ನಾಳೆ ಅವನಿಗೂ ಒಬ್ಬ ಅವ್ವ ಬೇಕಲ್ಲ. ಇದು ನಮ್ಮ ಮಂಡಿಯಲ್ಲಿ ನಡೆದುಕೊಂಡು ಬಂದ ರೀತಿ. ಯಾರೂ ಅದನ್ನು ಪಾಪ ಅನ್ನುವುದಿಲ್ಲ.

ಆ ರೀತಿಯನ್ನು ನಾನು ಮಂಡಿಯ ಆಚೆಗೆ ಒಯ್ದೆ. ಮಾಡಿದ ತಪ್ಪು ಇದೇ.

ನನ್ನ ಹೆಂಡತಿ ನಾಗಮ್ಮಣ್ಣಿ ಸ್ನಾನ, ಲಿಂಗಪೂಜೆ ಆಗದೆ ಒಂದು ತೊಟ್ಟು ನೀರೂ ಬಾಯಿಗೆ ಹಾಕದವಳು. ಹೋಟೆಲಿನ ಬಚ್ಚಲು ಅಂದರೆ ಮುಖ ಸಿಂಡರಿಸುತ್ತಾಳೆ. ಅದಕ್ಕೇ ಮದುವೆಯಾದ ಮೇಲೆ ನಾವು ನಂಜನಗೂಡು, ಮಾದಪ್ಪನ ಬೆಟ್ಟ ಬಿಟ್ಟು ಎಲ್ಲೂ ಹೋದವರಲ್ಲ. ತಮ್ಮನಿಗೆ ಮಂಡಿ ಒಪ್ಪಿಸಿದ ಮೇಲೆ ನನಗೆ ಈ ಕ್ಯಾರವಾನ್ ಹುಚ್ಚು ಹತ್ತಿತು. ಗಾಡಿಯೊಳಗೇ ಹಾಸಿಗೆ, ಒಲೆ, ಬಚ್ಚಲು. ಮಂಡಿಯವರು ಅದಕ್ಕೆ ಮನೆಗಾಡಿ ಅಂತ ಹೆಸರಿಟ್ಟರು. ಕೊಯಮತ್ತೂರಿನಲ್ಲಿ ಅಂಥ ಗಾಡಿ ಕಟ್ಟಿಕೊಡುವ ಒಂದು ಶೆಡ್ಡಿಗೆ ಆರ್ಡರ್ ಕೊಟ್ಟೆ. "ಸೋಮವಾರ ಹತ್ತು ಗಂಟೆಗೆ ಮಂಡಿ ಮುಂದೆ ನಿಂತಿರ್ತದೆ, ಬಂದು ಕಣ್ಣು ತಂಪು ಮಾಡ್ಕಳಿ" ಅಂತ ಎಲ್ಲರಿಗೂ ಸಾರಿಬಿಟ್ಟಿದ್ದೆ.

ಶುಕ್ರವಾರ ನಾವಿಬ್ಬರೂ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಂದು, ಅಲ್ಲಿ ಸತ್ಯಮಂಗಲದ ಬಸ್ಸು ಹಿಡಿದೆವು. ಮುಂದಿನ ಸೀಟಿನಲ್ಲಿ ನೀವಿಬ್ಬರು. ಹರದನಹಳ್ಳಿ ದಾಟುವ ಹೊತ್ತಿಗೆ ಮಾತು ಶುರುವಾಯಿತು — ನೀವು ಕುದೇರಿನ ರಿಟೈರ್ಡ್ ಮೇಷ್ಟ್ರು, ಹೊರಟಿರುವುದು ಅದೇ ಶೆಡ್ಡಿಗೆ, ತರುವುದು ಅಂಥದೇ ಗಾಡಿ. "ಇದೇನ್ ಮೇಷ್ಟ್ರೇ, ಒಂದು ಹೆಣ್ಣು ನೋಡಕ್ಕೆ ಎರಡು ಗಂಡು ಹೊರಟಂಗಾಯ್ತಲ್ಲ" ಅಂದೆ. ನೀವು ಜೋರಾಗಿ ನಕ್ಕಿರಿ. ನಿಮ್ಮ ಮನೆಯವರು ಪುಟ್ಟತಾಯಮ್ಮನವರೂ ನಕ್ಕರು. ನಾಗಮ್ಮಣ್ಣಿ ಬುತ್ತಿ ಬಿಚ್ಚಿ ಎಲ್ಲರಿಗೂ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕೊಟ್ಟಳು. ಪುಟ್ಟತಾಯಮ್ಮನವರು ಒಂದು ಚೂರು ಮುರಿದುಕೊಂಡವರು, ಅದನ್ನು ಸತ್ಯಮಂಗಲದವರೆಗೂ ಕೈಯಲ್ಲೇ ಹಿಡಿದುಕೊಂಡಿದ್ದರು. ದಿಂಬಂ ಘಾಟಿಯ ತಿರುವು, ಹೊಟ್ಟೆ ತೊಳಸುತ್ತಿರಬೇಕು ಅಂದುಕೊಂಡೆ. ಆ ಸೆಖೆಯಲ್ಲೂ ತಲೆ ತುಂಬ ಸೆರಗು. ನಮ್ಮಲ್ಲಿ ದೊಡ್ಡ ಹೆಂಗಸರು ಸೆರಗು ಹೊದೆಯುವುದು ಹೊಸದೇನಲ್ಲ, ನಾನು ಎರಡನೇ ಸಲ ನೋಡಲಿಲ್ಲ.

ಅವರು ನಾಗಮ್ಮಣ್ಣಿ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಅವರೇ ದೊಡ್ಡವರು, ಐದು ಜನ ತಂಗಿಯರು, ಐದು ಊರು. ಎಲ್ಲರ ಬಾಗಿಲಿಗೂ ಒಂದೊಂದು ಸಲ ಹೋಗಿ ಬರಬೇಕು. "ಆದ್ರೆ ಯಾರ ಮನೇಲೂ ಮಲಗಲ್ಲ ಕಣಮ್ಮ, ಯಾರ ಕೈಲೂ ಮಾಡುಸ್ಕಳಲ್ಲ. ನನ್ ಗಾಡೀಲೇ ಮಲೀಕತೀನಿ, ಬೆಳಗ್ಗೆ ಮಾತಾಡ್ಸ್ಕಂಡು ಹೊರಡ್ತೀನಿ." ಎಂಥ ಸ್ವಾಭಿಮಾನದ ಹೆಂಗಸು ಅಂದುಕೊಂಡೆ. ಅಷ್ಟೇ ಅಂದುಕೊಂಡೆ.

ಶೆಡ್ಡಿನಲ್ಲಿ ಗಾಡಿ ತಯಾರಿದ್ದದ್ದು ಒಂದೇ. ಇಬ್ಬರದೂ ಒಂದೇ ಮಾದರಿ, ಒಂದೇ ಬಿಳಿ ಬಣ್ಣ, ಕಾಗದ ಇನ್ನೂ ಯಾರ ಹೆಸರಿಗೂ ಆಗಿರಲಿಲ್ಲ. ಯಜಮಾನ ಪುಸ್ತಕ ನೋಡಿ, ಮೊದಲು ಆರ್ಡರ್ ಕೊಟ್ಟವರು ಮೇಷ್ಟ್ರು, ಇದು ಅವರದು, ನಿಮ್ಮದಕ್ಕೆ ಇನ್ನೂ ಮೂರು ವಾರ ಬೇಕು ಅಂತ ತಮಿಳಿನಲ್ಲಿ ಹೇಳಿದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಮೂರು ವಾರ ಕಾದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಸೋಮವಾರ, ಹತ್ತು ಗಂಟೆ, ಮಂಡಿ ಮುಂದೆ — ಬಸ್ಸಿನಲ್ಲಿ ಖಾಲಿ ಕೈಲಿ ವಾಪಸ್ ಬಂದವನನ್ನು ನೋಡಿ ಅವರೆಲ್ಲ ಹಲ್ಲು ಕಿರಿಯುವುದು ಕಣ್ಣ ಮುಂದೆ ಬಂತು. ನಾಗಮ್ಮಣ್ಣಿ ಆಗಲೇ ಗಾಡಿಯೊಳಗೆ ಹತ್ತಿ ಒಲೆ ಮುಟ್ಟಿ ನೋಡುತ್ತಿದ್ದಳು. ನಾನು ನಿಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದೆ. ದನಿ ತಗ್ಗಿಸಿದೆ. ಮೂವತ್ತು ವರ್ಷ ಬೇರೆಯವರ ಬಾಯಲ್ಲಿ ಕೇಳಿ ಕೇಳಿ, ನನಗೆ ಅದು ಬಾಯಿಪಾಠವಾಗಿತ್ತು.

"ಮೇಷ್ಟ್ರೇ, ನಮ್ಮವಳಿಗೆ ಹೇಳಿಲ್ಲ. ಡಾಕ್ಟ್ರು ಆರು ತಿಂಗಳು ಅಂದವ್ರೆ. ಅವ್ಳು ಓಗೋದ್ರೊಳಗೆ ನಾಕೂರು ತೋರುಸ್ಬೇಕು."

ನೀವು ನಗುತ್ತೀರಿ ಅಂದುಕೊಂಡಿದ್ದೆ. ಸತ್ಯವಾಗಿಯೂ ಹೇಳುತ್ತೇನೆ — ನಕ್ಕು "ಆಯ್ತು ಬುಡಿ" ಅನ್ನುತ್ತೀರಿ, ಇಲ್ಲವೇ "ಆಗಲ್ಲ ಹೋಗಿ" ಅನ್ನುತ್ತೀರಿ ಅಂದುಕೊಂಡಿದ್ದೆ. ನೀವು ಎರಡೂ ಮಾಡಲಿಲ್ಲ, ನಂಬಿದಿರಿ. ನಿಮ್ಮ ಮುಖ ಕರ್ರಗಾಯಿತು, ತಿರುಗಿ ಪುಟ್ಟತಾಯಮ್ಮನವರನ್ನು ನೋಡಿದಿರಿ. ಅವರು ನನ್ನ ಕೈ ಮೇಲೆ ಕೈಯಿಟ್ಟು, "ಬುಡ್ತು ಅನ್ನಿ ಅಪ್ಪಾ. ಕಟ್ಕಂಡವಳ್ಗೆ ಅಂಗನ್ಬಾರದು. ಬುಡ್ತು ಅನ್ನಿ" ಅಂದರು.

ಕೆಟ್ಟ ಮಾತು ಬಾಯಿಂದ ಬಂದರೆ ಬಿಡ್ತು ಅನ್ನಬೇಕು. ಚಿಕ್ಕ ಮಕ್ಕಳೂ ಅನ್ನುತ್ತವೆ. ನಾನು ಅನ್ನಲಿಲ್ಲ. ಅಂದರೆ ಎಲ್ಲಿ ನಾಟಕ ಸಡಿಲವಾಗುತ್ತದೋ ಅಂತ ತಲೆ ತಗ್ಗಿಸಿ ನಿಂತಿದ್ದೆ.

ಅವರು ನಿಮ್ಮ ಕಡೆ ತಿರುಗಿ, "ಕೊಟ್ಬುಡಿ ಅವರ್ಗೆ. ನಮಗೇನ್ ಅವಸರ" ಅಂದರು.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಹೊಸ ಮನೆ ಅಂದಮೇಲೆ ಹಾಲುಕ್ಕಿಸಬೇಕು ಅಂತ ನಾಗಮ್ಮಣ್ಣಿ ಹಟ ಹಿಡಿದಳು. ಶೆಡ್ಡಿನ ಪಕ್ಕದ ಅಂಗಡಿಯಿಂದ ಹಾಲು ಬಂತು. ಗಾಡಿಯ ಒಲೆ ಹಚ್ಚಿದ್ದು ಪುಟ್ಟತಾಯಮ್ಮನವರು. ಹಾಲು ಉಕ್ಕಿದಾಗ, ತಮ್ಮ ಗಾಡಿಯ ಪೂಜೆಗೆ ಅಂತ ಕುದೇರಿನಿಂದ ತಂದಿದ್ದ ಚೀಲ ತೆಗೆದರು. ಅರಿಶಿನ, ಕುಂಕುಮ, ತೆಂಗಿನಕಾಯಿ, ವೀಳ್ಯ, ಹಸಿರು ರವಿಕೆ ಕಣ. ಎಲ್ಲವನ್ನೂ ನನ್ನ ಹೆಂಡತಿಯ ಮಡಿಲಿಗೆ ತುಂಬಿದರು. ತುಂಬುವಾಗ ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ನೂರ್ಕಾಲ ಬಾಳವ್ವ" ಅಂದರು. ನಾಗಮ್ಮಣ್ಣಿ ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದಳು, ನಾನು ಟೈರು ನೋಡಿದೆ.

ಸಂಜೆಗೆ ಕಾಗದವಾಗಿ, ತಾತ್ಕಾಲಿಕ ನಂಬರು ಬಂತು. ನೀವಿಬ್ಬರೂ ಬಸ್ ಸ್ಟ್ಯಾಂಡಿಗೆ ಆಟೋ ಹುಡುಕುತ್ತಿದ್ದಿರಿ. ಅಷ್ಟು ದೊಡ್ಡ ಗಾಡಿ, ಎರಡು ಹಾಸಿಗೆ, ನಿಮ್ಮದೇ ಆಗಬೇಕಾಗಿದ್ದ ಗಾಡಿ — ಬನ್ನಿ, ಚಾಮರಾಜನಗರಕ್ಕೆ ಬಿಡುತ್ತೇನೆ ಅನ್ನಲಿಲ್ಲ ನಾನು. ಯಾಕೆ ಗೊತ್ತೆ? ದಾರಿಯಲ್ಲಿ ಹೆಂಗಸರಿಬ್ಬರು ಮಾತಾಡಿದರೆ ನನ್ನ ಬಣ್ಣ ಬಯಲಾಗುತ್ತದೆ ಅಂತ. "ಅವರ್ನೂ ಕೂರುಸ್ಕಂಡು ಹೋಗ್ಬೋದಿತ್ತಲ್ರೀ" ಅಂದಳು ನಾಗಮ್ಮಣ್ಣಿ. "ನಾವು ಊಟಿ ಮೇಲೆ ಹೋಗದು ಕಣಮ್ಮಿ, ಅವರ ದಾರಿ ಬೇರೆ" ಅಂದೆ. ಊಟಿ ದಾರಿ ಹುಟ್ಟಿದ್ದೇ ಆ ಗಳಿಗೆಯಲ್ಲಿ. ನಿಮ್ಮ ಮನೆಯವರನ್ನು ಮತ್ತೆ ಆ ಇಪ್ಪತ್ತೇಳು ತಿರುವಿನ ಘಾಟಿಯ ಬಸ್ಸಿಗೇ ಹತ್ತಿಸಿದೆ.

ನಾವು ಊಟಿಯಲ್ಲಿ ಎರಡು ದಿನ ಇದ್ದೆವು. ನಾಗಮ್ಮಣ್ಣಿ ಗಾಡಿಯ ಬಚ್ಚಲಲ್ಲಿ ಬಿಸಿನೀರು ಹುಯ್ದುಕೊಂಡು, ಪೂಜೆ ಮಾಡಿ, ಉಪ್ಪಿಟ್ಟು ಮಾಡಿದಳು. "ನಮ್ಮನೇಲಿದ್ದಂಗೇ ಅದೆ" ಅಂತ ಹತ್ತು ಸಲ ಅಂದಳು. ಅವಳ ಸಂತೋಷ ಸುಳ್ಳಲ್ಲ. ಬಂಡೀಪುರ ದಾಟಿ ಊರಿಗೆ ಬಂದು, ಸೋಮವಾರ ಹತ್ತು ಗಂಟೆಗೆ ಮಂಡಿ ಮುಂದೆ ಗಾಡಿ ನಿಲ್ಲಿಸಿದೆ. ಜನ ಬಂದರು, ಇಣುಕಿದರು. "ಕಕ್ಕಸ್ಸೂ ಒಳಗೇ ಅದಾ?" ಅಂತ ಒಬ್ಬ ಕೇಳಿದ, ಎಲ್ಲರೂ ನಕ್ಕರು. ಹತ್ತು ನಿಮಿಷ. ಅಷ್ಟರಲ್ಲಿ ಒಂದು ಲಾರಿ ಬಂತು, ಎಲ್ಲರೂ ಈರುಳ್ಳಿ ಕಡೆ ಹೋದರು. ಆ ಹತ್ತು ನಿಮಿಷಕ್ಕೆ ನಾನು ಅಷ್ಟು ಮಾಡಿದ್ದೆ.

ಮೂರು ವಾರದ ಗಾಡಿ ನಿಮಗೆ ಮೂರು ತಿಂಗಳಿಗೆ ಬಂತು. ನೀವು ಅದನ್ನು ಓಡಿಸಿಕೊಂಡು ಒಬ್ಬರೇ ನಮ್ಮ ಮನೆಗೆ ಬಂದ ದಿನ ನಾಗಮ್ಮಣ್ಣಿ ಅಂಗಳದಲ್ಲಿ ಅವರೆಕಾಯಿ ಮೂಟೆ ಎಳೆದುಕೊಂಡು ಹೋಗುತ್ತಿದ್ದಳು. ಅವಳನ್ನು ನೋಡಿ ನಿಮ್ಮ ಮುಖ ಅರಳಿತು. ಆಮೇಲೆ ಹೇಳಿದಿರಿ — ಪುಟ್ಟತಾಯಮ್ಮನವರು ಲಿಂಗೈಕ್ಯರಾಗಿ ಹತ್ತು ದಿನವಾಯಿತು. ಒಂದು ವರ್ಷದಿಂದ ಕ್ಯಾನ್ಸರ್. ತಂಗಿಯರಿಗೆ ಹೇಳಿರಲಿಲ್ಲ, ಗಾಡಿ ಬಂದ ಮೇಲೆ ತಾನೇ ಹೋಗಿ ಹೇಳುತ್ತೇನೆ ಅಂದಿದ್ದರು. ಆ ಐದು ಜನ ಅಕ್ಕನ ಮುಖ ನೋಡಿದ್ದು ಮಣ್ಣಿಗೆ ಬಂದಾಗಲೇ. ಅವರಿಗೆ ಕೊಡಲು ಅಂತ ಐದು ಸೀರೆ ಎತ್ತಿಟ್ಟಿದ್ದರಂತೆ, ನೀವು ಕೊಡಲು ಹೊರಟಿದ್ದಿರಿ. ಆರನೆಯದೊಂದು ಇತ್ತು. "ಇದು ನಿಮ್ಮ ಮನೆಯವರಿಗೆ, ಇದ್ದರೆ ಕೊಡಿ ಅಂತ ಹೇಳಿದ್ಲು" ಅಂದಿರಿ.

ನಾಗಮ್ಮಣ್ಣಿ ಕಣ್ಣೊರೆಸಿಕೊಂಡು ಕಾಫಿಗೆ ಒಳಗೆ ಹೋದಾಗ ನೀವು ನನ್ನ ಹೆಗಲ ಮೇಲೆ ಕೈಯಿಟ್ಟಿರಿ. "ಇವರಾದ್ರೂ ಉಳಿದ್ರಲ್ಲ. ನಮ್ಮವಳ ಪಾಲಿನ ಆಯಸ್ಸು ಇವರಿಗೆ ಬಂತು ಅನ್ಕತೀನಿ."

ಆಗಲಾದರೂ ಹೇಳಬೇಕಿತ್ತು. ನಾನು ಏನಂದೆ, ನೆನಪಿದೆಯೆ? "ಹೂಂ ಮೇಷ್ಟ್ರೇ, ಔಷಧಿ ಹಿಡೀತು" ಅಂದೆ.

ಮೊದಲನೆಯ ಸುಳ್ಳಿಗೆ ಮಂಡಿಯ ರೂಢಿ ಅಂತ ಒಂದು ಹೆಸರಿದೆ. ಇದಕ್ಕೆ ಯಾವ ಹೆಸರೂ ಇಲ್ಲ. ಎರಡೂವರೆ ತಿಂಗಳು ಇತ್ತು ಅವರಿಗೆ. ಐದು ಬಾಗಿಲಿಗೆ ಹೋಗಿ ಬರಲು ಹದಿನೈದು ದಿನ ಸಾಕಿತ್ತು. ಈ ಲೆಕ್ಕ ನಾನು ಎಷ್ಟು ಸಲ ಹಾಕಿದ್ದೇನೋ — ಪ್ರತಿ ಸಲವೂ ದಿನ ಉಳಿಯುತ್ತದೆ.

ಹೋದ ತಿಂಗಳು ಹಾಸನದ ಹತ್ತಿರ ಗಾಡಿ ನಿಲ್ಲಿಸಿದ್ದೆವು. ಹಾಲು ಕಾಯಿಸುತ್ತಿದ್ದ ನಾಗಮ್ಮಣ್ಣಿ, "ಪುಟ್ಟತಾಯಮ್ಮೋರ ತಂಗಿ ಒಬ್ರು ಇಲ್ಲೇ ಅಲ್ವರಾ? ಆ ಸೀರೆ ಉಟ್ಕತೀನಿ, ಮಾತಾಡ್ಸ್ಕಂಡು ಹೋಗನ" ಅಂದಳು. ನನಗೆ ಆಗಲಿಲ್ಲ ಮೇಷ್ಟ್ರೇ. ಒಲೆ ಆರಿಸು ಅಂದೆ. ಕೂರಿಸಿಕೊಂಡು ಎಲ್ಲ ಹೇಳಿದೆ.

ಅವಳು ಅಳಲಿಲ್ಲ, ಬಯ್ಯಲಿಲ್ಲ. ಇಷ್ಟು ಹೇಳಿದಳು. "ನನ್ನ ಸಾಯಿಸಿದ್ದು ಹೋಗ್ಲಿ ಬುಡಿ, ನಾನು ಗಟ್ಟಿಯಾಗೇ ಇವ್ನಿ. ಆಯಮ್ಮ ನಂಗೆ ಮಡ್ಲು ತುಂಬ್ತಾ ನೂರ್ಕಾಲ ಬಾಳು ಅಂದ್ಳಲ್ಲ — ತನಗೆ ಅಂತ ಬೇಡ್ಕಬೇಕಾಗಿದ್ದ ಹೊತ್ನಲ್ಲಿ ನಂಗೆ ಬೇಡ್ಕಂಡ್ಳಲ್ಲ. ಅದನ್ನ ಹೆಂಗೆ ವಾಪಸ್ ಕೊಟ್ಟೀರಿ?" ಎದ್ದು ಹಾಲಿನ ಪಾತ್ರೆ ಮುಚ್ಚಿಟ್ಟಳು. "ಗಾಡಿ ತಿರುಗ್ಸಿ" ಅಂದಳು. ಅಂದಿನಿಂದ ನಾವು ಎಲ್ಲಿಗೂ ಹೋಗಿಲ್ಲ. ಅವಳು ಆ ಸೀರೆಯನ್ನು ಉಟ್ಟಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಕುದೇರಿಗೆ ನಾನೇ ತರುತ್ತೇನೆ, ನಾಗಮ್ಮಣ್ಣಿಯೂ ಬರುತ್ತಾಳೆ. ಅವಳನ್ನು ಒಳಗೆ ಕರೆಯಿರಿ, ಅವಳ ತಪ್ಪೇನೂ ಇಲ್ಲ. ನೀವು ಓದಿ ಮುಗಿಸುವವರೆಗೆ ನಾನು ನಿಮ್ಮ ಜಗುಲಿಯ ಕೆಳಗೆ ನಿಂತಿರುತ್ತೇನೆ. ಓದಿದ ಮೇಲೆ ನಿಮ್ಮ ಬಾಯಿಗೆ ಏನು ಬರುತ್ತದೋ ಅದನ್ನು ಅನ್ನಿ. ಎಷ್ಟೇ ಕೆಟ್ಟ ಮಾತಾದರೂ ಸರಿ, ಬಿಡ್ತು ಅನ್ನಿ ಮೇಷ್ಟ್ರೇ ಅಂತ ನಾನು ಕೇಳುವುದಿಲ್ಲ.